ಕೊನೆಯ ಹಾಸಿಗೆಯ ಬಳಿ ಕೂರುವವರು

ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಹೊರ್ತಿ ಸಿಗುತ್ತದೆ. ಇಂಡಿ ತಾಲ್ಲೂಕಿನ ಈ ಊರು ರೇವಣಸಿದ್ಧೇಶ್ವರನ ಗುಡಿಯಿಂದಾಗಿ ಸುತ್ತಲ ಹಳ್ಳಿಗಳಿಗೆಲ್ಲ ಪರಿಚಿತ. ಈ ಭಾಗದವರಿಗೆ ದೊಡ್ಡ ಕಾಯಿಲೆ ಬಂದರೆ ಎರಡು ದಿಕ್ಕು. ದಕ್ಷಿಣಕ್ಕೆ ವಿಜಯಪುರ, ಉತ್ತರಕ್ಕೆ ಸೊಲ್ಲಾಪುರ. ಅಲ್ಲಿಗೂ ಬಗೆಹರಿಯದಿದ್ದರೆ ಮಿರಜ, ಹುಬ್ಬಳ್ಳಿ, ಬೆಂಗಳೂರು. ಹೋದವರಲ್ಲಿ ಅನೇಕರು ಗುಣವಾಗಿ ಬರುತ್ತಾರೆ. ಕೆಲವರು ಮಾತ್ರ ಒಂದು ಮಾತನ್ನು ಹೊತ್ತು ಬರುತ್ತಾರೆ: ‘ಇನ್ನ ಇಲ್ಲಿ ಮಾಡೂದೇನೂ ಉಳದಿಲ್ರಿ, ಮನೀಗೆ ಕರಕೊಂಡ ಹೋಗ್ರಿ.’

ಇಂಥ ಸುದ್ದಿ ಊರಿಗೆ ತಿಳಿಯಲು ಬಹಳ ಹೊತ್ತು ಬೇಕಾಗುವುದಿಲ್ಲ. ಪಡಸಾಲೆಯಲ್ಲಿ ಹಾಸಿಗೆ ಹಾಸುತ್ತಾರೆ. ಬೀಗರು, ನೆಂಟರು ಬಂದು ತಲೆದೆಸೆಯಲ್ಲಿ ಸ್ವಲ್ಪ ಹೊತ್ತು ಕೂತು ಹೋಗುತ್ತಾರೆ. ಮಠದಿಂದ ಸ್ವಾಮಿಗಳು ಬಂದು ವಿಭೂತಿ ಹಚ್ಚಿ ಪಾದೋದಕ ಕೊಡುತ್ತಾರೆ. ಮುಸಲ್ಮಾನರ ಮನೆಯಾದರೆ ಕುರಾನಿನ ಯಾಸೀನ್ ಅಧ್ಯಾಯ ಓದುತ್ತಾರೆ, ಕಲ್ಮಾ ಕಿವಿಗೆ ಬೀಳುವಂತೆ ಮೆಲ್ಲಗೆ ಹೇಳುತ್ತಾರೆ. ಬ್ರಾಹ್ಮಣರ ಮನೆಯಲ್ಲಿ ಗಂಗಾಜಲದ ಗಿಂಡಿ, ತುಳಸಿದಳ ದೇವರ ಕೋಣೆಯಿಂದ ಹೊರಬರುತ್ತವೆ. ರಾತ್ರಿ ಊಟವಾದ ಮೇಲೆ ಭಜನಾ ಮೇಳದವರು ತಾಳ, ದಮ್ಮಡಿ ಹಿಡಿದು ಬಂದು ತತ್ವಪದ ಹಾಡುತ್ತಾರೆ.

ಇದನ್ನೆಲ್ಲ ನಾವು ‘ಪದ್ಧತಿ’ ಎಂದು ಕರೆದು ಸುಮ್ಮನಾಗುತ್ತೇವೆ. ಆದರೆ ಲಂಡನ್ನಿನಿಂದ ಬೆಂಗಳೂರಿನವರೆಗೆ ಇಂದು ಹಾಸ್ಪೈಸ್ ಎಂದು ಕರೆಸಿಕೊಳ್ಳುವ ಕೇಂದ್ರಗಳಲ್ಲಿ, ಗುಣವಾಗದ ಕಾಯಿಲೆಯವರನ್ನು ಕೊನೆಯವರೆಗೆ ನೋಡಿಕೊಳ್ಳುವ ಆ ಮನೆಗಳಲ್ಲಿ, ಇಂಥದೇ ಕೆಲಸಕ್ಕೆ ಒಂದು ಹೆಸರಿದೆ: ಆಧ್ಯಾತ್ಮಿಕ ಆರೈಕೆ. ಅದಕ್ಕೆ ತರಬೇತಿ ಇದೆ, ಕ್ರಮವಿದೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿಯೇ ಉಪಶಮನ ಚಿಕಿತ್ಸೆಯನ್ನು ವಿವರಿಸುವಾಗ ನೋವಿನ ಜೊತೆಗೆ ರೋಗಿಯ ಮಾನಸಿಕ, ಸಾಮಾಜಿಕ ಮತ್ತು ಆಧ್ಯಾತ್ಮಿಕ ಸಂಕಟಗಳನ್ನೂ ಸೇರಿಸಿತು.

ಹಾಗಾದರೆ ಹೊರ್ತಿಯ ಪಡಸಾಲೆಯಲ್ಲಿ ಕೊರತೆ ಏನೂ ಇಲ್ಲವೆ? ಇದೆ. ಭಜನೆ ಮುಗಿದು ಮೇಳದವರು ಮನೆಗೆ ಹೋದ ಮೇಲೆ, ರಾತ್ರಿ ಎರಡು ಗಂಟೆಗೆ, ನೋವು ಎದ್ದು ಕೂರುತ್ತದೆ. ಮನೆಯಲ್ಲಿರುವ ಸಾಮಾನ್ಯ ಗುಳಿಗೆ ಅದರ ಮುಂದೆ ನಿಲ್ಲುವುದಿಲ್ಲ. ಕಾಯಿಲೆಯ ಹೆಸರನ್ನು ರೋಗಿಗೆ ಯಾರೂ ಹೇಳಿರುವುದಿಲ್ಲ. ‘ಆರಾಮ ಆಗ್ತೀರಿ’ ಎಂದು ಎಲ್ಲರೂ ಹೇಳುತ್ತಾರೆ. ಅದು ಸುಳ್ಳೆಂದು ರೋಗಿಗೂ ಗೊತ್ತು, ಮನೆಯವರಿಗೂ ಗೊತ್ತು. ಪಕ್ಕದಲ್ಲಿ ಕೂತ ಮಗಳೋ ಸೊಸೆಯೋ ಎಷ್ಟು ರಾತ್ರಿಗಳಿಂದ ಮಲಗಿಲ್ಲವೆಂದು ಕೇಳುವವರಿರುವುದಿಲ್ಲ.

ಮಾಡುವುದೇನೂ ಉಳಿದಿಲ್ಲ ಎಂಬ ಮಾತು ಎಷ್ಟು ನಿಜ? ಈ ಪ್ರಶ್ನೆಗೆ ಕನ್ನಡ ನಾಡಿನ ಚರಿತ್ರೆಯಲ್ಲಿಯೇ ಹಳೆಯ ಉತ್ತರವೊಂದಿದೆ.

ನಲವತ್ತೆಂಟು ಮಂದಿಯ ಪಾಳಿ

ಶ್ರವಣಬೆಳಗೊಳದ ಚಿಕ್ಕಬೆಟ್ಟ, ಅಂದರೆ ಚಂದ್ರಗಿರಿಯ ಬಂಡೆಗಳ ಮೇಲೆ, ಸುಮಾರು ಆರು-ಏಳನೆಯ ಶತಮಾನದಿಂದ ಮೊದಲುಗೊಂಡು ಸಾವಿನ ಶಾಸನಗಳಿವೆ. ಸಲ್ಲೇಖನ ವ್ರತದಿಂದ ದೇಹ ಬಿಟ್ಟ ಮುನಿಗಳ, ಆರ್ಯಿಕೆಯರ, ಗೃಹಸ್ಥರ ಹೆಸರುಗಳು ಅಲ್ಲಿವೆ. ದಿವಂಗತ ಇತಿಹಾಸಕಾರ ಷ. ಶೆಟ್ಟರ್ ಈ ಶಾಸನಗಳನ್ನೇ ಆಧರಿಸಿ ಜೈನರ ಮರಣ ಚಿಂತನೆಯನ್ನು ಕುರಿತು ವಿಸ್ತಾರವಾಗಿ ಬರೆದರು. ಅರಸರೂ ಈ ದಾರಿ ಹಿಡಿದರು. ಗಂಗರ ಇಮ್ಮಡಿ ಮಾರಸಿಂಹ ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಂಕಾಪುರದಲ್ಲಿ ಗುರು ಅಜಿತಸೇನರ ಸನ್ನಿಧಿಯಲ್ಲಿ ಪ್ರಾಣ ಬಿಟ್ಟ. ರಾಷ್ಟ್ರಕೂಟರ ಕೊನೆಯ ಅರಸ ನಾಲ್ವಡಿ ಇಂದ್ರ 982ರಲ್ಲಿ ಬೆಳಗೊಳದಲ್ಲಿ ತೀರಿಕೊಂಡ. ಹೊಯ್ಸಳ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ಮಡಿದ ಮೇಲೆ ಅವಳ ತಾಯಿ ಮಾಚಿಕಬ್ಬೆ ದುಃಖ ತಾಳಲಾರದೆ ಬೆಳಗೊಳಕ್ಕೆ ಬಂದು ಇದೇ ವ್ರತ ಹಿಡಿದಳೆಂದು ಶಾಸನ ಹೇಳುತ್ತದೆ.

ಸಲ್ಲೇಖನವೂ ಇಂದಿನ ಹಾಸ್ಪೈಸ್ ಆರೈಕೆಯೂ ಒಂದೇ ಅಲ್ಲ. ಒಂದು ತಾನಾಗಿ ಕೈಗೊಳ್ಳುವ ಧಾರ್ಮಿಕ ವ್ರತ, ಇನ್ನೊಂದು ಬಂದೆರಗಿದ ಕಾಯಿಲೆಯ ನಡುವಿನ ಸೇವೆ. ಸಲ್ಲೇಖನವನ್ನು ಕುರಿತ ಕಾನೂನಿನ ಚರ್ಚೆಯೂ ಬೇರೆಯೇ. 2015ರಲ್ಲಿ ರಾಜಸ್ಥಾನ ಹೈಕೋರ್ಟು ಅದನ್ನು ಆತ್ಮಹತ್ಯೆಗೆ ಸಮವೆಂದಿತು. ಅದೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಇಲ್ಲಿ ನಮಗೆ ಮುಖ್ಯವಾದದ್ದು ವ್ರತ ಹಿಡಿದವರ ವಿಷಯಕ್ಕಿಂತ ಅವರ ಬಳಿ ಕೂರುತ್ತಿದ್ದವರ ವಿಷಯ.

ಜೈನರ ‘ಭಗವತೀ ಆರಾಧನಾ’ ಎಂಬ ಪ್ರಾಕೃತ ಗ್ರಂಥ ಎರಡು ಸಾವಿರಕ್ಕೂ ಹೆಚ್ಚು ಗಾಹೆಗಳಲ್ಲಿ ಸಾವಿನ ಸಿದ್ಧತೆಯನ್ನು ವಿವರಿಸುತ್ತದೆ. ಶಿವಾರ್ಯನೆಂಬವನು ಅದರ ಕರ್ತೃ. ಸಾವಿನತ್ತ ಹೊರಟವನನ್ನು ಅದು ‘ಕ್ಷಪಕ’ ಎನ್ನುತ್ತದೆ. ಅವನನ್ನು ದಾಟಿಸುವವರು ‘ನಿರ್ಯಾಪಕರು’. ಅಂಥವರು ಎಷ್ಟು ಮಂದಿ ಇರಬೇಕು? ನಲವತ್ತೆಂಟು! ನಾಲ್ಕು ನಾಲ್ಕು ಜನರಂತೆ ಹನ್ನೆರಡು ತಂಡ. ನಾಲ್ವರು ಅವನನ್ನು ಎಬ್ಬಿಸಲು, ಕೂರಿಸಲು, ಮಗ್ಗುಲು ಹೊರಳಿಸಲು. ನಾಲ್ವರು ಆಹಾರಕ್ಕೆ, ನಾಲ್ವರು ಪಾನೀಯಕ್ಕೆ. ನಾಲ್ವರು ಮಲಮೂತ್ರ ಸ್ವಚ್ಛ ಮಾಡಲು. ನಾಲ್ವರು ರಾತ್ರಿ ಎಚ್ಚರವಾಗಿರಲು. ನಾಲ್ವರು ಬಾಗಿಲಲ್ಲಿ ನಿಂತು ಗದ್ದಲ ತಡೆಯಲು. ನಾಲ್ವರು ನೋಡಲು ಬಂದವರೊಡನೆ ಮಾತನಾಡಲು. ನಾಲ್ವರು ಅವನಿಗೆ ಕಥೆ ಹೇಳಲು. ಹೀಗೆ ಪಟ್ಟಿ ಸಾಗುತ್ತದೆ.

ಇಂದಿನ ಯಾವುದೇ ಆಸ್ಪತ್ರೆಯ ದಾದಿಯರ ಪಾಳಿಪಟ್ಟಿಯನ್ನು ನೆನಪಿಸುವ ಈ ವಿವರದಲ್ಲಿ ದೇಹದ ಸೇವೆ ಬೇರೆ, ಮನಸ್ಸಿನ ಸೇವೆ ಬೇರೆ ಎಂಬ ಮೇಲುಕೀಳಿಲ್ಲ. ಮಲ ಬಳಿಯುವವರೂ ಕಥೆ ಹೇಳುವವರೂ ಒಂದೇ ಹೆಸರಿನವರು, ನಿರ್ಯಾಪಕರು.

ಅಷ್ಟು ಜನ ಸಿಗದಿದ್ದರೆ? ಕಾಲಕ್ಕೆ ತಕ್ಕಂತೆ ನಾಲ್ಕು ನಾಲ್ಕು ಕಡಿಮೆ ಮಾಡಬಹುದು ಎನ್ನುತ್ತದೆ ಗ್ರಂಥ. ಕೊನೆಗೆ ಇಬ್ಬರಾದರೂ ಇರಬೇಕು. ಒಬ್ಬನೇ ಇರಕೂಡದು. ಒಬ್ಬನೇ ಇದ್ದರೆ ಅವನು ಊಟಕ್ಕೆ ಹೋದಾಗ ರೋಗಿ ಅನಾಥ, ಹೋಗದಿದ್ದರೆ ಅವನೇ ಸೊರಗುತ್ತಾನೆ. ಪಾಲಕರ ಬಳಲಿಕೆಯ ಬಗ್ಗೆ ಇಂದು ವೈದ್ಯರು ಹೇಳುವ ಮಾತು ಇಷ್ಟೇ.

ಕಥೆ ಹೇಳುವ ನಾಲ್ವರಿಗೂ ನಿಯಮಗಳಿದ್ದವು. ರಾಜ್ಯದ ಸುದ್ದಿ, ಊಟದ ಸುದ್ದಿಯಂಥ ಹರಟೆ ಕೂಡದು. ಅದಕ್ಕಿಂತ ಮುಖ್ಯವಾಗಿ, ಪರಮತದ ವಾದವನ್ನು ಮುಂದಿಟ್ಟು ಖಂಡಿಸುವ ತರ್ಕದ ಕಥೆಯನ್ನು ಸಾಯುತ್ತಿರುವವನಿಗೆ ಹೇಳಬಾರದು. ವಾದದ ಮೊದಲ ಅರ್ಧ ಕೇಳುವಷ್ಟರಲ್ಲಿ ಪ್ರಾಣ ಹೋದರೆ ಅವನ ಮನಸ್ಸು ಗೊಂದಲದಲ್ಲಿಯೇ ನಿಂತೀತು ಎಂಬ ಎಚ್ಚರ ಅದು. ಸಾವಿನ ಹಾಸಿಗೆ ವಾದದ ಜಾಗವಲ್ಲ ಎಂಬ ಈ ವಿವೇಕ ನಮ್ಮಲ್ಲಿ ಎಷ್ಟು ಹಳೆಯದು ನೋಡಿ.

ಮೊದಲ ಗದ್ಯದ ಮೊದಲ ಕೇಳುಗ

ಆ ನಾಲ್ವರು ಹೇಳುತ್ತಿದ್ದ ಕಥೆ ಯಾವುದು? ಇಲ್ಲಿ ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆಲ್ಲ ಗೊತ್ತಿರುವ ಪುಸ್ತಕವೊಂದು ಎದುರಾಗುತ್ತದೆ, ‘ವಡ್ಡಾರಾಧನೆ’. ನಮಗೆ ದೊರೆತಿರುವ ಕನ್ನಡ ಗದ್ಯಕೃತಿಗಳಲ್ಲಿ ಅತ್ಯಂತ ಹಳೆಯದು. ಕಾಲ ಸುಮಾರು ಹತ್ತನೆಯ ಶತಮಾನ. ಕೆಲವರು ಇನ್ನೂ ಹಿಂದಕ್ಕೆ ಒಯ್ಯುತ್ತಾರೆ. ಡಿ.ಎಲ್. ನರಸಿಂಹಾಚಾರ್ಯರ ಸಂಪಾದನೆಯಿಂದ ಅದು ಓದುಗರ ಕೈಸೇರಿತು.

ಅದರಲ್ಲಿರುವುದು ಹತ್ತೊಂಬತ್ತು ಕಥೆಗಳು. ಪ್ರತಿ ಕಥೆಯ ತಲೆಯಲ್ಲಿ ಒಂದು ಪ್ರಾಕೃತ ಗಾಹೆ ಇದೆ. ಈ ಗಾಹೆಗಳು ‘ಭಗವತೀ ಆರಾಧನಾ’ದವು. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿದ ವಿದ್ವಾಂಸ ಆ.ನೇ. ಉಪಾಧ್ಯೆ 1943ರಲ್ಲಿ ಪ್ರಕಟಿಸಿದ ‘ಬೃಹತ್ಕಥಾಕೋಶ’ದ ಪ್ರಸ್ತಾವನೆಯಲ್ಲಿ ಈ ಆರಾಧನಾ ಕಥೆಗಳ ಪರಂಪರೆಯನ್ನೆಲ್ಲ ಬಿಡಿಸಿಟ್ಟರು. ಮೂಲ ಗ್ರಂಥದಲ್ಲಿ ಈ ಗಾಹೆಗಳು ಬರುವ ಭಾಗದ ಹೆಸರು ‘ಕವಚ’. ಯುದ್ಧಕ್ಕೆ ಹೊರಟವನಿಗೆ ಕವಚ ತೊಡಿಸುವಂತೆ, ಹಸಿವು, ನೋವು, ಭಯಗಳಿಂದ ಅಧೈರ್ಯಗೊಂಡ ಕ್ಷಪಕನಿಗೆ ಧೈರ್ಯ ತೊಡಿಸುವ ಭಾಗ ಅದು. ಇಂಥಿಂಥವರು ಇಂಥಿಂಥ ಘೋರ ಸಂಕಟವನ್ನು ತಾಳಿಕೊಂಡರು, ನೀನೂ ತಾಳು ಎಂದು ಗುರು ಹೇಳುತ್ತಾನೆ.

ಅಂದರೆ, ಕನ್ನಡದ ಮೊದಲ ಗದ್ಯಕಥೆಗಳ ಬೇರು ಇರುವುದು ಸಾಯುತ್ತಿರುವ ಒಬ್ಬ ಮನುಷ್ಯನ ಹಾಸಿಗೆಯ ಪಕ್ಕದಲ್ಲಿ. ಪಠ್ಯಪುಸ್ತಕಗಳಲ್ಲಿ ಅವನ್ನು ಭಾಷೆಗಾಗಿ, ಕಥನಕ್ಕಾಗಿ ಓದುತ್ತೇವೆ. ಮೂಲತಃ ಅವಕ್ಕೆ ಒಪ್ಪಿಸಿದ್ದ ಕೆಲಸ ಮಾತ್ರ ಒಂದು ರಾತ್ರಿಯನ್ನು ದಾಟಿಸುವುದು.

ಆ ಕಥೆಗಳಲ್ಲೊಂದು ಸನತ್ಕುಮಾರ ಚಕ್ರವರ್ತಿಯದು. ದೇವತೆಗಳೂ ನೋಡಲು ಬರುವಂಥ ಚೆಲುವ. ಆ ಚೆಲುವು ನೋಡನೋಡುತ್ತ ಮಾಸುವುದನ್ನು ಅರಿತು ರಾಜ್ಯ ತೊರೆದು ತಪಸ್ಸಿಗೆ ಹೋದ. ಮೈಗೆ ನವೆ, ಜ್ವರ, ಕೆಮ್ಮು ಮೊದಲಾದ ರೋಗಗಳು ಹತ್ತಿದವು. ದೇವತೆ ವೈದ್ಯನ ವೇಷದಲ್ಲಿ ಬಂದು ಗುಣಪಡಿಸುತ್ತೇನೆ ಎಂದಾಗ, ಮೈಯ ರೋಗ ಬಿಡು, ಹುಟ್ಟುಸಾವುಗಳ ರೋಗಕ್ಕೆ ನಿನ್ನಲ್ಲಿ ಮದ್ದಿದೆಯೇ ಎಂದು ಅವನು ಕೇಳುತ್ತಾನೆ. ವೈದ್ಯನಲ್ಲಿ ಆ ಮದ್ದಿಲ್ಲ.

ಕಥೆ ದೊಡ್ಡದು. ಆದರೆ ಇಂದಿನ ಓದುಗನಿಗೆ ಇಲ್ಲೊಂದು ಪ್ರಶ್ನೆ ಬರದೆ ಇರದು. ಸನತ್ಕುಮಾರನು ವ್ರತಸ್ಥ. ಅವನು ತಾಳಿಕೊಳ್ಳಲು ನಿರ್ಧರಿಸಿ ಹೊರಟವನು. ಹೊಲದಲ್ಲಿ ದುಡಿದು ಬಾಯಿಯಲ್ಲಿ ಹುಣ್ಣಾಗಿ ಅದು ಕ್ಯಾನ್ಸರ್ ಎಂದು ತಿಳಿದ ಇಂಡಿ ತಾಲ್ಲೂಕಿನ ರೈತ ಅಂಥ ನಿರ್ಧಾರ ಮಾಡಿದವನಲ್ಲ. ಅವನಿಗೂ ‘ತಾಳಿಕೊ’ ಎಂಬ ಕವಚವನ್ನೇ ತೊಡಿಸಬಹುದೆ? ಈ ಪ್ರಶ್ನೆಯನ್ನು ಇಲ್ಲಿಗೇ ಬಿಟ್ಟು ಸ್ವಲ್ಪ ಮುಂದೆ ಹೋಗೋಣ.

ಬಾಗೇವಾಡಿಯ ದಾರಿ

ಹೊರ್ತಿಯ ಜಿಲ್ಲೆಯಲ್ಲಿಯೇ ಬಸವನ ಬಾಗೇವಾಡಿ ಇದೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಹುಟ್ಟಿದ ಬಸವಣ್ಣನವರು ಮತ್ತು ಅವರ ಜೊತೆಗಿನ ಶರಣರು ಸಾವಿನ ಬಗೆಗಿನ ಜನರ ನಡವಳಿಕೆಯನ್ನೇ ಬದಲಿಸಿದರು. ಶರಣನಿಗೆ ಸಾವು ಎನ್ನುವುದಿಲ್ಲ, ‘ಲಿಂಗೈಕ್ಯ’ ಎನ್ನುತ್ತಾರೆ. ಶರಣರನ್ನು ಮರಣದಲ್ಲಿ ನೋಡು ಎಂಬ ಮಾತು ಇಂದಿಗೂ ಹಳ್ಳಿಯವರ ಬಾಯಲ್ಲಿದೆ.

ಇದರಲ್ಲಿ ತತ್ವದಷ್ಟೇ ಮುಖ್ಯವಾದದ್ದು ಒಂದು ಆಚರಣೆ. ಲಿಂಗಾಯತ ಧರ್ಮ ಐದು ಸೂತಕಗಳನ್ನು ತಳ್ಳಿಹಾಕಿತು. ಸಾವಿನ ಸೂತಕವೂ ಅವುಗಳಲ್ಲೊಂದು. ಸಾಯುತ್ತಿರುವವರನ್ನು, ಸತ್ತವರನ್ನು ಮುಟ್ಟಿದರೆ ಮೈಲಿಗೆ ಎಂಬ ಭಯ ಹೋದರೆ ಹಾಸಿಗೆಯ ಬಳಿ ಕೂರಲು ಹಿಂಜರಿಕೆ ಇರುವುದಿಲ್ಲ. ಸತ್ತ ಮನೆಯವರನ್ನು ದಿನಗಟ್ಟಲೆ ದೂರವಿಡುವ ಕಾರಣವೂ ಇರುವುದಿಲ್ಲ. ಎಲ್ಲ ಮನೆಗಳಲ್ಲಿ ಇದು ಪೂರ್ಣವಾಗಿ ನಡೆಯುತ್ತದೆ ಎನ್ನಲಾಗದು. ಆದರೂ ಈ ಸೀಮೆಯಲ್ಲಿ ಸಾವಿನ ಮನೆಗೆ ಊರೇ ಬಂದು ಕೂರುವ ರೂಢಿಗೆ ಇದೂ ಒಂದು ಬಲ.

ಇನ್ನೊಂದು ಹಳೆಯ ಆಚರಣೆ ‘ವಿಭೂತಿ ವೀಳ್ಯ’. ಕೊನೆಗಾಲ ಸಮೀಪಿಸಿದಾಗ ಜಂಗಮರನ್ನು ಕರೆಸಿ, ವಿಭೂತಿ ಮತ್ತು ವೀಳ್ಯವನ್ನು ರೋಗಿಯ ಕೈಯಿಂದಲೇ ಕೊಡಿಸುವುದು ಇದರ ಕ್ರಮ. ಹಾಸಿಗೆ ಹಿಡಿದವರು ತಿಂಗಳುಗಟ್ಟಲೆ ಬೇರೆಯವರಿಂದ ತೆಗೆದುಕೊಳ್ಳುವವರಾಗಿಯೇ ಇರುತ್ತಾರೆ: ನೀರು, ಗಂಜಿ, ಔಷಧ, ಕನಿಕರ. ಈ ಆಚರಣೆಯಲ್ಲಿ ಅವರು ಕೊಡುವವರಾಗುತ್ತಾರೆ. ಮನೆಯ ಹಿರಿಯರು ಎಂಬ ಸ್ಥಾನ ಕೊನೆಯ ದಿನವೂ ಅವರಿಗೆ ಉಳಿಯುತ್ತದೆ. ಘನತೆ ಎಂಬ ಶಬ್ದಕ್ಕೆ ಇದಕ್ಕಿಂತ ಸರಳವಾದ ಅರ್ಥ ಬೇಕೆ?

ಲಂಡನ್ನಿನ ಕಿಟಕಿ

ಈಗ ಬಿಟ್ಟುಬಂದ ಪ್ರಶ್ನೆಗೆ ಮರಳೋಣ. ನೋವನ್ನು ತಾಳಿಕೊಳ್ಳಲು ಹೇಳುವುದೇ, ಕಳೆಯುವುದೇ? ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್.

1918ರಲ್ಲಿ ಹುಟ್ಟಿದ ಸಾಂಡರ್ಸ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ದಾದಿಯಾಗಿದ್ದರು. ಬೆನ್ನುನೋವಿನಿಂದ ಆ ಕೆಲಸ ಬಿಟ್ಟು ಆಸ್ಪತ್ರೆಯ ಸಮಾಜಸೇವಕಿಯಾದರು. ಆಗ ಅವರಿಗೆ ಪರಿಚಯವಾದ ರೋಗಿ ಡೇವಿಡ್ ಟಾಸ್ಮಾ, ಪೋಲೆಂಡಿನಿಂದ ಬಂದ ಯೆಹೂದಿ. ಕ್ಯಾನ್ಸರ್ ಆಗಿತ್ತು, ಹತ್ತಿರದವರು ಯಾರೂ ಇರಲಿಲ್ಲ. ಇಂಥವರಿಗಾಗಿ ಒಂದು ಮನೆ ಬೇಕೆಂದು ಇಬ್ಬರೂ ಮಾತನಾಡಿಕೊಳ್ಳುತ್ತಿದ್ದರು. 1948ರಲ್ಲಿ ಸಾಯುವಾಗ ಅವರು 500 ಪೌಂಡ್ ಬಿಟ್ಟುಹೋದರು. ಮುಂದೆ ಕಟ್ಟುವ ಮನೆಯಲ್ಲಿ ತಾನೊಂದು ಕಿಟಕಿಯಾಗಿರುತ್ತೇನೆ ಎಂಬುದು ಅವರ ಆಸೆ. ಆ ಕಿಟಕಿಯ ಸುತ್ತ ಮನೆ ಕಟ್ಟಲು 19 ವರ್ಷ ಹಿಡಿಯಿತು. ಅಷ್ಟರಲ್ಲಿ ಸಾಂಡರ್ಸ್ ಓದಿ ವೈದ್ಯೆಯೂ ಆದರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆಯಿತು.

ಹಾಸ್ಪೈಸ್ ಎಂಬ ಹೆಸರು ಹಳೆಯದು. ಯುರೋಪಿನಲ್ಲಿ ಯಾತ್ರಿಕರು ತಂಗುತ್ತಿದ್ದ ಮನೆಗಳಿಗೆ, ನಮ್ಮ ಧರ್ಮಛತ್ರಗಳಂಥವಕ್ಕೆ, ಆ ಹೆಸರಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಐರ್ಲೆಂಡಿನ ಕ್ರೈಸ್ತ ಸನ್ಯಾಸಿನಿಯರು ಸಾಯುತ್ತಿರುವವರ ಮನೆಗಳಿಗೆ ಅದನ್ನು ಬಳಸಿದರು. ಸಾಂಡರ್ಸ್ ಅದಕ್ಕೆ ಸೇರಿಸಿದ್ದು ವೈದ್ಯವಿಜ್ಞಾನ. ರೋಗಿ ನೋವಿನಿಂದ ಕೂಗಿದ ಮೇಲೆ ಔಷಧ ಕೊಡುವುದು ಆಗಿನ ವಾಡಿಕೆ. ಮಾರ್ಫೀನನ್ನು ಬಾಯಿಯ ಮೂಲಕ, ಗಂಟೆ ನೋಡಿ, ನೋವು ಮರಳುವ ಮೊದಲೇ ಕೊಡಬೇಕೆಂದು ಅವರು ತೋರಿಸಿಕೊಟ್ಟರು.

ಅವರ ಇನ್ನೊಂದು ಕೊಡುಗೆ ‘ಸಮಗ್ರ ನೋವು’ ಎಂಬ ಕಲ್ಪನೆ. ನೋವಿಗೆ ನಾಲ್ಕು ಮುಖ: ಮೈಯದು, ಮನಸ್ಸಿನದು, ಮನೆಮಠದ್ದು, ಆತ್ಮದ್ದು. ಎಲುಬಿಗೆ ಹಬ್ಬಿದ ಗಡ್ಡೆ ಒಂದು ನೋವು. ಸಾಯುವ ಭಯ ಇನ್ನೊಂದು. ಮಗಳ ಮದುವೆಯ ಸಾಲ ಮತ್ತೊಂದು. ನಾನು ಯಾರಿಗೆ ಏನು ಮಾಡಿದ್ದಕ್ಕೆ ಹೀಗಾಯಿತು ಎಂಬ ಪ್ರಶ್ನೆ ನಾಲ್ಕನೆಯದು. ಈ ನಾಲ್ಕೂ ಹೆಣೆದುಕೊಂಡಿರುತ್ತವೆ. ಒಂದನ್ನು ಬಿಟ್ಟು ಒಂದನ್ನು ಬಿಡಿಸಲಾಗದು. ಸಾಂಡರ್ಸ್ ಸ್ವತಃ ಶ್ರದ್ಧಾವಂತ ಕ್ರೈಸ್ತರು. ಆದರೆ ಅವರ ಮನೆ ಎಲ್ಲ ಧರ್ಮದವರಿಗೂ, ಯಾವ ಧರ್ಮವನ್ನೂ ನಂಬದವರಿಗೂ ತೆರೆದಿತ್ತು. 2005ರಲ್ಲಿ ಅವರು ತೀರಿಕೊಂಡದ್ದೂ ಅದೇ ಮನೆಯಲ್ಲಿ.

ಕವಚದ ಕಥೆಗೂ ಸಾಂಡರ್ಸ್ ಮಾತಿಗೂ ಇರುವ ವ್ಯತ್ಯಾಸ ಈಗ ಕಾಣುತ್ತದೆ. ಮೊದಲನೆಯದು ನೋವಿನ ನಡುವೆ ಮನಸ್ಸನ್ನು ಗಟ್ಟಿ ಮಾಡುತ್ತದೆ. ಎರಡನೆಯದು ಮೊದಲು ನೋವನ್ನು ತಗ್ಗಿಸಿ, ಆಮೇಲೆ ಮನಸ್ಸಿನ ಮಾತಿಗೆ ಕೂರುತ್ತದೆ. ನೋವಿನಿಂದ ನರಳುವವರ ಕಿವಿಗೆ ಯಾವ ಕಥೆಯೂ ಇಳಿಯದು ಎಂಬುದು ಹಾಸ್ಪೈಸಿನ ಪಾಠ. ನೋವು ಇಳಿದ ಮಾತ್ರಕ್ಕೆ ಪ್ರಶ್ನೆ ತೀರದು ಎಂಬುದು ನಿರ್ಯಾಪಕರ ಪಾಠ. ಎರಡೂ ಬೇಕು.

ಬೆಂಗಳೂರಿನ ಕರುಣಾಶ್ರಯ

ಭಾರತದಲ್ಲಿ ಮೊದಲ ಹಾಸ್ಪೈಸ್ 1986ರಲ್ಲಿ ಮುಂಬಯಿಯಲ್ಲಿ ಆರಂಭವಾದ ಶಾಂತಿ ಅವೇದನಾ ಸದನ. ಕೇರಳದ ಕೋಝಿಕ್ಕೋಡ್‌ನಲ್ಲಿ 1993ರಲ್ಲಿ ವೈದ್ಯರಾದ ಎಂ.ಆರ್. ರಾಜಗೋಪಾಲ್ ಮತ್ತು ಸುರೇಶ್ ಕುಮಾರ್ ನೋವು ನಿವಾರಣೆಯ ಸಂಘ ಕಟ್ಟಿದರು. ಕರ್ನಾಟಕದಲ್ಲಿ 1994ರಲ್ಲಿ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ಸ್ಥಾಪನೆಯಾಯಿತು. ಭಾರತೀಯ ಕ್ಯಾನ್ಸರ್ ಸಂಘದ ಕರ್ನಾಟಕ ಶಾಖೆಯೂ ಇಂದಿರಾನಗರದ ರೋಟರಿಯೂ ಸೇರಿ ಮಾಡಿದ ಕೆಲಸ ಅದು. ಮೊದಲು ಮನೆಮನೆಗೆ ಹೋಗಿ ನೋಡಿದರು. 1999ರಲ್ಲಿ ಮಾರತ್‌ಹಳ್ಳಿಯ ಬಳಿ ‘ಕರುಣಾಶ್ರಯ’ದ ಕಟ್ಟಡ ತೆರೆಯಿತು. ಗುಣವಾಗದ ಹಂತಕ್ಕೆ ಬಂದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಊಟ, ವಸತಿ, ಔಷಧ ಎಲ್ಲವೂ ಉಚಿತ.

ಮಾರ್ಫೀನಿನ ಕಥೆ ಮಾತ್ರ ಬೇರೆ. ಔಷಧಕ್ಕೆ ಬೇಕಾದ ಅಫೀಮನ್ನು ಕಾನೂನುಬದ್ಧವಾಗಿ ಬೆಳೆಯುವ ಕೆಲವೇ ದೇಶಗಳಲ್ಲಿ ನಮ್ಮದೂ ಒಂದು. ಆದರೂ ನಮ್ಮ ರೋಗಿಗಳಿಗೇ ಅದು ಸಿಗಲಿಲ್ಲ. 1985ರ ಮಾದಕ ವಸ್ತು ಕಾಯ್ದೆ ದುರ್ಬಳಕೆ ತಡೆಯಲು ಬಂದಿತು. ಅದರ ಹಲವು ಪರವಾನಗಿಗಳ ಜಂಜಾಟಕ್ಕೆ ಹೆದರಿ ಬಹಳಷ್ಟು ಆಸ್ಪತ್ರೆಗಳು ಮಾರ್ಫೀನ್ ಇಡುವುದನ್ನೇ ಬಿಟ್ಟವು. 2014ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದು ನಿಯಮ ಸರಳಗೊಳಿಸಿತು. ಕಾನೂನಿನ ಬಾಗಿಲು ತೆರೆದರೂ ಔಷಧ ಹಳ್ಳಿಯ ಪಡಸಾಲೆಗೆ ನಡೆದು ಬರುವ ದಾರಿ ಇನ್ನೂ ಉದ್ದವೇ.

ಪ್ರಶ್ನೆ ಕೇಳುವ ವಿದ್ಯೆ

ಆಧ್ಯಾತ್ಮಿಕ ಆರೈಕೆ ಎಂದರೆ ಉಪದೇಶ ಎಂದು ಅನೇಕರು ತಿಳಿಯುತ್ತಾರೆ. ಹಾಸ್ಪೈಸುಗಳಲ್ಲಿ ಅದು ಹೆಚ್ಚಾಗಿ ಕೇಳಿಸಿಕೊಳ್ಳುವ ಕೆಲಸ. ಅಮೆರಿಕದ ವೈದ್ಯೆ ಕ್ರಿಸ್ಟಿನಾ ಪುಚಾಲ್ಸ್ಕಿ 1990ರ ದಶಕದಲ್ಲಿ ವೈದ್ಯರಿಗಾಗಿ ನಾಲ್ಕು ಪ್ರಶ್ನೆಗಳನ್ನು ರೂಪಿಸಿದರು. ನಿಮ್ಮ ನಂಬಿಕೆ ಏನು? ನಿಮ್ಮ ಬದುಕಿನಲ್ಲಿ ಅದಕ್ಕೆ ಎಷ್ಟು ಸ್ಥಾನ? ನಿಮಗೆ ಆಸರೆಯಾದ ಬಳಗ ಯಾವುದು? ಇದರಲ್ಲಿ ನಾನು ನಿಮಗಾಗಿ ಏನು ಮಾಡಲಿ? ಸಾರಾಂಶ ಇಷ್ಟೇ.

ಉತ್ತರಗಳು ಬಹಳ ಸಲ ದೇವರಿಗಿಂತ ಮನೆಯ ಸುತ್ತ ಇರುತ್ತವೆ. ಹತ್ತು ವರ್ಷದಿಂದ ಮಾತು ಬಿಟ್ಟ ತಮ್ಮನನ್ನು ಕರೆಸಬೇಕು. ಹೊಲದ ಪತ್ರ ಹೆಂಡತಿಯ ಹೆಸರಿಗಾಗಬೇಕು. ಹರಕೆ ತೀರಿಸಬೇಕು. ಮೊಮ್ಮಗನನ್ನು ನೋಡಬೇಕು. ಯಾರದೋ ಕ್ಷಮೆ ಕೇಳಬೇಕು. ಇವು ಸಣ್ಣ ಕೆಲಸಗಳಂತೆ ಕಾಣುತ್ತವೆ. ಆದರೆ ಅವಕ್ಕೆ ಗಡುವಿದೆ. ರೋಗಿಗೆ ತನ್ನ ಕಾಯಿಲೆಯ ನಿಜ ಗೊತ್ತಿಲ್ಲದಿದ್ದರೆ ಆ ಗಡುವೂ ಗೊತ್ತಾಗುವುದಿಲ್ಲ. ‘ಆರಾಮ ಆಗ್ತೀರಿ’ ಎಂಬ ಪ್ರೀತಿಯ ಸುಳ್ಳು ಕಸಿದುಕೊಳ್ಳುವುದು ಈ ಸಮಯವನ್ನು. ನಿಜವನ್ನು ಒಮ್ಮೆಲೇ ಎಸೆಯಬೇಕಾಗಿಲ್ಲ. ಅವರು ಎಷ್ಟು ತಿಳಿಯಬಯಸುತ್ತಾರೆ ಎಂದು ಕೇಳಿ ಅಷ್ಟನ್ನೇ ಹೇಳುವುದು ಉಪಶಮನ ಚಿಕಿತ್ಸೆಯವರು ಕಲಿಯುವ ಮೊದಲ ಪಾಠಗಳಲ್ಲೊಂದು.

ಮನೆಯವರ ಪಾಲೂ ಇದರಲ್ಲಿದೆ. ಸಾವಿನ ನಂತರವೂ ಕುಟುಂಬವನ್ನು ವಿಚಾರಿಸಿಕೊಳ್ಳುವುದು ಹಾಸ್ಪೈಸಿನ ಕೆಲಸದ ಭಾಗ. ನಮ್ಮಲ್ಲಿ ದಿನಕರ್ಮ, ಶಿವಗಣಾರಾಧನೆ, ಮುಸಲ್ಮಾನರ ಜಿಯಾರತ್ ಮತ್ತು ನಲವತ್ತನೆಯ ದಿನ ಇವೆಲ್ಲ ದುಃಖಕ್ಕೆ ಒಂದು ಪಂಚಾಂಗ ಹಾಕಿಕೊಟ್ಟಿವೆ. ಜನ ಮತ್ತೆ ಮತ್ತೆ ಮನೆಗೆ ಬರಲು ಅವು ನೆಪ. ಸಾಲ ಮಾಡಿ ಊರೂಟ ಹಾಕುವ ಒತ್ತಾಯವಾದಾಗ ಮಾತ್ರ ಅದೇ ನೆಪ ಹೊರೆಯಾಗುತ್ತದೆ.

ವಿಜಯಪುರದ ಒಂದು ಪತ್ರ

ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಕೊನೆಯ ದಿನಗಳನ್ನು ಈ ಜಿಲ್ಲೆ ಮರೆಯಲಾರದು. ಬಿಜ್ಜರಗಿಯಲ್ಲಿ ಹುಟ್ಟಿ, ಪ್ರವಚನಗಳಿಂದ ಮನೆಮಾತಾಗಿ, 2018ರಲ್ಲಿ ಪದ್ಮಶ್ರೀಯನ್ನು ವಿನಯದಿಂದ ಬೇಡವೆಂದವರು ಅವರು. 2014ರ ಗುರುಪೂರ್ಣಿಮೆಯಂದು ಅವರೊಂದು ‘ಅಂತಿಮ ಅಭಿವಂದನ ಪತ್ರ’ ಬರೆದಿಟ್ಟರು. ದೇಹವನ್ನು ಅಗ್ನಿಗೆ ಅರ್ಪಿಸಬೇಕು, ಶ್ರಾದ್ಧದಂಥ ವಿಧಿಗಳು ಬೇಡ, ಚಿತಾಭಸ್ಮವನ್ನು ನೀರಿಗೆ ಬಿಡಬೇಕು, ಸ್ಮಾರಕ ಕಟ್ಟಬಾರದು ಎಂಬುದು ಅದರ ತಿರುಳು. 2023ರ ಜನವರಿ 2ರಂದು ವೈಕುಂಠ ಏಕಾದಶಿಯ ಸಂಜೆ, ಆಶ್ರಮದಲ್ಲಿಯೇ, ಅವರು ಕೊನೆಯುಸಿರೆಳೆದರು. ವೈದ್ಯರು ಅಲ್ಲಿಯೇ ನೋಡಿಕೊಂಡಿದ್ದರು. ಮರುದಿನ ಅಪಾರ ಜನಸಾಗರದ ನಡುವೆ ಪತ್ರದಲ್ಲಿದ್ದಂತೆಯೇ ಅಗ್ನಿಸಂಸ್ಕಾರ ನಡೆಯಿತು.

ಸನ್ಯಾಸಿಯ ದಾರಿ ಸಂಸಾರಿಗೆ ಪೂರ್ತಿ ಹೊಂದದಿರಬಹುದು. ಆದರೆ ತನಗೆ ಏನು ಬೇಕು, ಏನು ಬೇಡ ಎಂಬುದನ್ನು ಬುದ್ಧಿ ಸ್ವಾಧೀನದಲ್ಲಿರುವಾಗಲೇ ಬರೆದಿಟ್ಟು, ಬಳಿಯಿದ್ದವರನ್ನು ಗೊಂದಲದಿಂದ ಉಳಿಸುವುದು ಯಾರಿಗೂ ಸಾಧ್ಯ. ಚಿಕಿತ್ಸೆಯ ವಿಷಯದಲ್ಲಿಯೂ ಕಾನೂನು ಇದಕ್ಕೆ ಅವಕಾಶ ಕೊಟ್ಟಿದೆ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟು ಘನತೆಯಿಂದ ಸಾಯುವ ಹಕ್ಕನ್ನು ಎತ್ತಿಹಿಡಿದು, ಮುಂಚಿತ ಇಚ್ಛಾಪತ್ರವನ್ನು ಮಾನ್ಯ ಮಾಡಿತು. ಸ್ವಾಮೀಜಿ ತೀರಿಕೊಂಡ ಅದೇ 2023ರ ಜನವರಿಯಲ್ಲಿ ಅದರ ವಿಧಾನವನ್ನು ಸುಲಭಗೊಳಿಸಿತು. ಅದರಂತೆ ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಇದು ದಯಾಮರಣದ ಚುಚ್ಚುಮದ್ದಿನ ಮಾತಲ್ಲ. ಗುಣವಾಗುವ ಆಸೆ ಉಳಿಯದಾಗ, ವೈದ್ಯರ ಮಂಡಳಿ ಒಪ್ಪಿದರೆ, ಯಂತ್ರಗಳ ಬಲದ ಚಿಕಿತ್ಸೆಯನ್ನು ನಿಲ್ಲಿಸಿ ಸಹಜ ಸಾವಿಗೆ ದಾರಿ ಬಿಡುವುದು.

ಹೊರ್ತಿಗೆ ಬೇಕಾದದ್ದು

ಪ್ರತಿ ತಾಲ್ಲೂಕಿಗೂ ಒಂದು ಕರುಣಾಶ್ರಯ ಕಟ್ಟುವುದು ಸದ್ಯಕ್ಕೆ ಆಗುವ ಮಾತಲ್ಲ. ಅದರ ಅಗತ್ಯವೂ ಇರಲಿಕ್ಕಿಲ್ಲ. ಕೇರಳದವರು ಹಿಡಿದ ದಾರಿ ಬೇರೆ. ಓಣಿಯ ಜನರಿಗೇ ತರಬೇತಿ ಕೊಟ್ಟು, ದಾದಿ ಮತ್ತು ವೈದ್ಯರನ್ನು ಅವರ ಬೆನ್ನಿಗೆ ನಿಲ್ಲಿಸಿ, ಮನೆಯಲ್ಲಿಯೇ ಆರೈಕೆ ನಡೆಯುವಂತೆ ಮಾಡಿದರು. 2008ರಲ್ಲಿ ಅಲ್ಲಿನ ಸರ್ಕಾರ ಅದಕ್ಕೊಂದು ನೀತಿಯನ್ನೇ ರೂಪಿಸಿತು. ಕೇಂದ್ರ ಸರ್ಕಾರ 2012ರಲ್ಲಿ ರಾಷ್ಟ್ರೀಯ ಉಪಶಮನ ಆರೈಕೆ ಕಾರ್ಯಕ್ರಮ ಘೋಷಿಸಿತು. ಕಾಗದದ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸೇವೆಗಳಲ್ಲಿ ಈಗ ಇದೂ ಸೇರಿದೆ.

ಹೊರ್ತಿಯಂಥ ಊರಿನಲ್ಲಿ ಓಣಿಯ ಜನರನ್ನು ಹೊಸದಾಗಿ ಹುಡುಕಬೇಕಾಗಿಲ್ಲ. ಕರೆಯದೆ ಬರುವ ಭಜನಾ ಮೇಳವಿದೆ. ಮಠವಿದೆ, ಮಸೀದಿಯಿದೆ, ಆಶಾ ಕಾರ್ಯಕರ್ತೆಯರಿದ್ದಾರೆ. ಅವರಿಗೆ ಬೇಕಾದದ್ದು ಕೆಲವು ದಿನಗಳ ತರಬೇತಿ: ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಹೊರಳಿಸುವುದು ಹೇಗೆ, ನೋವು ಎಷ್ಟಿದೆ ಎಂದು ಕೇಳುವುದು ಹೇಗೆ, ಯಾವಾಗ ವೈದ್ಯರಿಗೆ ಹೇಳಿ ಕಳಿಸಬೇಕು, ಯಾವಾಗ ಸುಮ್ಮನೆ ಕೂರಬೇಕು. ಆಸ್ಪತ್ರೆಯ ಕಡೆಯಿಂದ ಬೇಕಾದದ್ದು ಮಾರ್ಫೀನ್ ಮತ್ತು ಒಂದು ಬದಲಾದ ಮಾತು. ‘ಮಾಡೂದೇನೂ ಉಳದಿಲ್ಲ’ ಎನ್ನುವ ಕಡೆ, ‘ಗುಣ ಮಾಡೂದು ಆಗೂದಿಲ್ರಿ, ನೋವು ಕಡಿಮಿ ಮಾಡೂದು ಆಗತದ’ ಎಂದರೆ ಮನೆಗೆ ಮರಳುವ ದಾರಿಯ ಭಾರ ಅಷ್ಟರಮಟ್ಟಿಗೆ ಇಳಿದೀತು.

ಹಳೆಯ ಗ್ರಂಥ ಕೇಳಿದ್ದು ನಲವತ್ತೆಂಟು ಮಂದಿಯನ್ನು. ಕಾಲ ಕೆಟ್ಟರೆ ಇಬ್ಬರು ಸಾಕು, ಒಬ್ಬರೇ ಇರಕೂಡದು ಎಂದಿತು. ಇಂದು ರಾತ್ರಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ಯಾವುದೋ ಪಡಸಾಲೆಯಲ್ಲಿ ಒಬ್ಬ ಮಗಳು ಒಬ್ಬಳೇ ಎಚ್ಚರವಾಗಿ ಕೂತಿರುತ್ತಾಳೆ. ಅವಳ ಪಕ್ಕದಲ್ಲಿ ಕೂರುವ ಎರಡನೆಯವರು ಯಾರು ಎಂಬುದೇ ನಾವು ಉತ್ತರಿಸಬೇಕಾದ ಪ್ರಶ್ನೆ.